ಇದು ತೊರಕೆಯ ಮುಳ್ಳಲ್ಲ

ನಾನು ಬಂಗುಡೆ ಮೀನಿನ ಮುಳ್ಳು ಬಿಡಿಸಿ ಅಣ್ಣನ ಬಟ್ಟಲಿನ ಬದಿಗೆ ಇಡುತ್ತೇನೆ. ನಡುವಿನ ದೊಡ್ಡ ಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ. ಬದಿಯ ಸಣ್ಣ ಮುಳ್ಳುಗಳನ್ನು ಹುಡುಕಿ ಹುಡುಕಿ ತೆಗೆಯಬೇಕು. ಅಣ್ಣ ಗೋಡೆಯ ಕಡೆ ನೋಡುತ್ತಾ ಕುಳಿತಿರುತ್ತಾನೆ. ಅಜ್ಜಿ ನಮಗೆ ಬೆನ್ನು ಮಾಡಿ ಒಲೆಯ ಬೂದಿಯನ್ನು ಕೆದಕುತ್ತಿರುತ್ತಾಳೆ. ಮುಳ್ಳೆಲ್ಲ ತೆಗೆದಾದ ಮೇಲೆ ನಾನು ಬಟ್ಟಲನ್ನು ಅವನ ಎಡಗಡೆಗೆ ಸರಿಸಿ ಎದ್ದು ಹೋಗುತ್ತೇನೆ. ನಾನು ಬಾಗಿಲು ದಾಟಿದ ಮೇಲೆ ಅವನು ಎಡಗೈಯಲ್ಲಿ ಉಣ್ಣಲು ತೊಡಗುತ್ತಾನೆ. ನಮ್ಮ ಮನೆಯಲ್ಲಿ ಎಡಗೈಯಿಂದ ಅನ್ನ ಮುಟ್ಟಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಹೀಗೆ ಯಾಕಾಯಿತು ಎಂದು ಹೇಳಲಿಕ್ಕೆ ಇದನ್ನು ಬರೆದದ್ದು. ಡೀಸೆಲ್ ಎಣ್ಣೆಯ ಯಂತ್ರಗಳು ಈಗ ನಮ್ಮ ಊರಿಗೂ ಬರುತ್ತಿವೆ. ಬಸ್ಸು, ಲಾರಿ, ಅಕ್ಕಿಯ ಗಿರಣಿ, ನೀರೆತ್ತುವ ಪಂಪು. ಅವುಗಳ ಹತ್ತಿರ ಕೆಲಸ ಮಾಡುವ ಗಂಡಸರಿರುವ ಮನೆಯವರು ಇದನ್ನು ಕೂತು ಕೇಳಬೇಕು.

ನಮ್ಮದು ಹೊಯಿಗೆ ಬಜಾರಿನಲ್ಲಿ ಮೀನು ಹಿಡಿಯುವವರ ಮನೆ. ಅಣ್ಣನ ಹೆಸರು ಬೂಬ, ನನ್ನದು ಬಾಗಿ. ತಾಯಿ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದವಳು ಅಜ್ಜಿ ದೇಯಿ. ಅಜ್ಜಿಯ ಒಬ್ಬನೇ ಮಗ, ನಮ್ಮ ಮಾವ, ದೋಣಿ ತೆಗೆದುಕೊಂಡು, ನದಿ ಕಡಲಿಗೆ ಸೇರುವ ಅಳಿವೆ ದಾಟಿ ಹೋದವನು ಹಿಂದೆ ಬರಲಿಲ್ಲ. ದೋಣಿ ಮಾತ್ರ ಮಗುಚಿಕೊಂಡು ದಡಕ್ಕೆ ಬಂತು. ಅಂದಿನಿಂದ ಅಜ್ಜಿ ಅಣ್ಣನನ್ನು ಕಡಲಿಗೆ ಬಿಡಲಿಲ್ಲ.

“ನೆಲದ ಮೇಲೆ ಎಂತ ಬೇಕಾದ್ರೂ ಮಾಡು ಮಗಾ,” ಎನ್ನುತ್ತಿದ್ದಳು. “ಮಣ್ಣು ಹೊರು, ಕಲ್ಲು ಹೊರು. ನೀರಿನ ಹತ್ತಿರ ಮಾತ್ರ ಹೋಗ್ಬೇಡ.”

ಅಣ್ಣ ನದಿಯ ದಂಡೆಯಲ್ಲಿರುವ ಒಂದು ಹೆಂಚಿನ ಕಾರ್ಖಾನೆಗೆ ಸೇರಿದ. ಮೊದಲು ಮಣ್ಣು ಹೊತ್ತ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವಾದ ಸಾಮಾನುಗಳನ್ನು ಹರಾಜು ಹಾಕಿದರಲ್ಲ, ಆಗ ಕಾರ್ಖಾನೆಯ ಧಣಿ ಒಂದು ಹಳೆಯ ಡೀಸೆಲ್ ಟ್ರಾಕ್ಟರ್ ಕೊಂಡು ತಂದರು. ದೋಣಿಗಳಲ್ಲಿ ಬಂದ ಆವೆಮಣ್ಣನ್ನು ದೋಣಿ ನಿಲ್ಲುವ ದಕ್ಕೆಯಿಂದ ಕಾರ್ಖಾನೆಯ ಅಂಗಳಕ್ಕೆ ಎಳೆದು ತರುವುದು ಅದರ ಕೆಲಸ. ಅದನ್ನು ಬಿಡಲು ಕಲಿತವನು ಅಣ್ಣ ಒಬ್ಬನೇ. ಬಹಳ ಹೆಮ್ಮೆಯಿಂದ ಕಲಿತ. ಮೈಯೆಲ್ಲ ಎಣ್ಣೆಯ ವಾಸನೆ ಮಾಡಿಕೊಂಡು ಮನೆಗೆ ಬರುತ್ತಿದ್ದ. ಅಜ್ಜಿ ಮೂಗು ಮುಚ್ಚಿಕೊಂಡೇ ನಗುತ್ತಿದ್ದಳು.

“ಮೀನಿನ ವಾಸನೆಗಿಂತ ಇದೇ ಲಾಯ್ಕ,” ಎನ್ನುತ್ತಿದ್ದಳು. “ಈ ವಾಸನೆ ಬಂದ್ರೆ ನೀನು ಮನೆಗೆ ಮುಟ್ಟಿದಿ ಅಂತ ಗೊತ್ತಾಗ್ತದೆ.”

ಆ ವರ್ಷ ಮಳೆಗಾಲ ಹತ್ತಿರ ಬಂದಿತ್ತು. ಮಳೆ ಹಿಡಿದರೆ ಮಣ್ಣಿನ ದೋಣಿಗಳು ನಿಲ್ಲುತ್ತವೆ. ಅಷ್ಟರೊಳಗೆ ಅಂಗಳದಲ್ಲಿ ಮಣ್ಣಿನ ರಾಶಿ ಬೀಳಬೇಕು. ಆಗಲೇ ಟ್ರಾಕ್ಟರಿನ ಪೈಪು ಸೋರಲು ತೊಡಗಿತು. ಎಣ್ಣೆಯನ್ನು ಪಂಪಿನಿಂದ ಎಂಜಿನ್ನಿನ ತಲೆಗೆ ಒಯ್ಯುವ ಪೈಪು ಅದು. ಕಬ್ಬಿಣದ್ದು, ನಮ್ಮ ಕಿರುಬೆರಳಿಗಿಂತಲೂ ಸಪೂರ. ಅದರ ತುದಿಯ ನಟ್ಟಿನ ಹತ್ತಿರ ಎಣ್ಣೆ ಜಿನುಗಿ ಕೆಳಗೆ ತೊಟ್ಟಿಕ್ಕುತ್ತಿತ್ತು.

ಅಣ್ಣನಿಗೆ ಗೊತ್ತಿದ್ದದ್ದು ದೋಣಿ. ದೋಣಿಯ ಹಲಗೆಯ ಸಂದಿನಲ್ಲಿ ನೀರು ಬಂದರೆ ನಮ್ಮವರು ಹತ್ತಿಯ ನೂಲು ತುರುಕಿ, ರಾಳವನ್ನು ಎಣ್ಣೆಯಲ್ಲಿ ಕಾಸಿ ಮೆತ್ತುತ್ತಾರೆ. ಮಾವನಿಂದ ಅವನು ಕಲಿತದ್ದು ಅದೇ. ಪೈಪಿಗೂ ಹಾಗೇ ನೂಲು ಸುತ್ತಿ ರಾಳ ಮೆತ್ತಿದ.

ಮಧ್ಯಾಹ್ನ ಅವನಿಗೆ ಗಂಜಿ ಒಯ್ಯುವುದು ನನ್ನ ಕೆಲಸ. ಆ ದಿನ ನಾನು ಹೋದಾಗ ಹಂಪನಕಟ್ಟೆಯ ಬಸ್ಸಿನ ಗ್ಯಾರೇಜಿನಿಂದ ನೂರ್ ಮುಹಮ್ಮದ್ ಬಂದಿದ್ದರು. ಬಸ್ಸು ರಿಪೇರಿಯವರು. ಎಲ್ಲರೂ ನೂರಾಕ ಎನ್ನುತ್ತಾರೆ. ಎಂಜಿನ್ ಜೋರು ಎಳೆಯುವುದಿಲ್ಲ ಎಂದು ಧಣಿ ಅವರನ್ನು ಕರೆಸಿದ್ದರು. ಅವರು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ಅಲ್ಲಾಡಿಸುತ್ತಿದ್ದರು.

“ಎಂತ ಬೂಬ ಇದು? ಪೈಪಿಗೆ ಹಲ್ಲುನೋವಾ? ಬಟ್ಟೆ ಸುತ್ತಿ ಕೂರಿಸಿದ್ದಿ.”

“ಸೋರ್ತಾ ಇತ್ತು ನೂರಾಕ. ದೋಣಿಯ ರಾಳ ಹಾಕಿ ಬಿಗಿದೆ. ಈಗ ಕಮ್ಮಿ ಉಂಟು.”

“ಕಮ್ಮಿ ಆದದ್ದಲ್ಲ, ನಿಂಗೆ ಕಾಣುದಿಲ್ಲ ಅಷ್ಟೆ. ದೋಣಿಗೆ ನೀರು ಹೊರಗಿಂದ ಒಳಗೆ ಬರುದು. ಇಲ್ಲಿ ಎಣ್ಣೆ ಒಳಗಿಂದ ಹೊರಗೆ ಹಾರುದು. ಪಂಪು ಒದ್ದು ದೂಡ್ತದೆ ಮಾರಾಯ ಅದನ್ನು. ಮತ್ತೆ ರಾಳ ಡೀಸೆಲಿನಲ್ಲಿ ನಿಲ್ತದಾ? ಬೆಲ್ಲ ನೀರಿಗೆ ಬಿದ್ದ ಹಾಗೆ ಕರಗ್ತದೆ.”

“ಹಾಗಾದ್ರೆ ಎಂತ ಮಾಡುದು?”

“ಪೈಪು ಬದಲಿ ಮಾಡ್ಬೇಕು. ಬೇರೆ ಮದ್ದಿಲ್ಲ. ಇಲ್ಲಿ ಸಿಗುದಿಲ್ಲ, ಮದರಾಸಿಂದ ತರಿಸ್ಬೇಕು. ನಾನು ಧಣಿಗೆ ಹೇಳ್ತೇನೆ. ಅಷ್ಟರವರೆಗೆ ಇದನ್ನು ನಿಲ್ಲಿಸು.”

“ನಿಲ್ಲಿಸಿದ್ರೆ ಧಣಿ ನನ್ನನ್ನೂ ನಿಲ್ಲಿಸ್ತಾರೆ. ಮಳೆ ಬರ್ಲಿಕ್ಕಾಯ್ತು.”

ನೂರಾಕ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತರು. “ಹಾಗಾದ್ರೆ ಒಂದು ಮಾತು ಕೇಳು. ಎಂಜಿನ್ ತಿರುಗುವಾಗ ಈ ಪೈಪಿನ ಹತ್ತಿರ ಕೈ ತಕೊಂಡು ಹೋಗ್ಬೇಡ.”

“ಬೆಂಕಿಯಾ ಅದು, ಸುಡ್ಲಿಕ್ಕೆ? ಬರೀ ಎಣ್ಣೆ ಅಲ್ವಾ?”

“ಬರೀ ಎಣ್ಣೆ. ನಿಂಗೆ ಬೆರಳು ಎಷ್ಟುಂಟು?”

“ಎಲ್ಲರಿಗೂ ಇದ್ದಷ್ಟು.”

“ಅಷ್ಟೇ ಇರ್ಲಿ,” ಎಂದು ನೂರಾಕ ಧಣಿಯ ಕೋಣೆಯ ಕಡೆ ನಡೆದರು.

ಅವರು ಹೋದ ಮೇಲೆ ಮಣ್ಣು ಇಳಿಸುವವರೆಲ್ಲ ನಕ್ಕರು. ಅಣ್ಣನೂ ನಕ್ಕ. ಧಣಿ ಪೈಪಿಗಾಗಿ ಮದರಾಸಿಗೆ ಬರೆದು ಹಾಕಿದರು. ಆದರೆ ಅದು ಬರುವವರೆಗೆ ಟ್ರಾಕ್ಟರ್ ನಿಲ್ಲಿಸಬೇಕೆಂದು ಹೇಳಲಿಲ್ಲ. ಅಣ್ಣನೂ ಕೇಳಲಿಲ್ಲ.

ಕೆಲವು ದಿನ ಕಳೆದು ನಾನು ಗಂಜಿ ಒಯ್ದಾಗ ಎಂಜಿನ್ ಓಡುತ್ತಿತ್ತು. ಅದರ ಸದ್ದು ಕೆಮ್ಮಿದಂತೆ ಕೇಳುತ್ತಿತ್ತು. ಅಣ್ಣ ಒಂದು ಮೊಣಕಾಲು ಊರಿ ಪೈಪಿನ ಕಡೆ ಬಗ್ಗಿದ್ದ. ರಾಳ ಮೆತ್ತಗಾಗಿ ಕೆಳಗೆ ಜಾರಿತ್ತು. ಎಣ್ಣೆ ಎಲ್ಲಿಂದ ಬರುತ್ತದೆಂದು ಕಾಣುತ್ತಿರಲಿಲ್ಲ. ತೊಟ್ಟಿಕ್ಕುವುದೂ ಇಲ್ಲ. ಪೈಪಿನ ಬಳಿ ಗಾಳಿ ಮಾತ್ರ ಸ್ವಲ್ಪ ಮಂಜು ಕವಿದಂತೆ ಇತ್ತು.

ದೋಣಿಯಲ್ಲಿ ತೂತು ಹುಡುಕುವ ಕ್ರಮ ನಮ್ಮವರಿಗೆಲ್ಲ ಗೊತ್ತು. ಬೆರಳ ತುದಿಯನ್ನು ಹಲಗೆಯ ಉದ್ದಕ್ಕೂ ಮೆಲ್ಲಗೆ ಎಳೆಯುತ್ತಾ ಹೋಗಬೇಕು. ತಂಪು ತಗಲಿದ ಕಡೆ ತೂತು. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಅಣ್ಣ ಬಲಗೈಯ ತೋರುಬೆರಳನ್ನು ಹಾಗೆಯೇ ಪೈಪಿನ ಮೇಲೆ ಎಳೆದ. ನೂಲು ಸುತ್ತಿದ ಕಡೆ ಬಂದಾಗ ಥಟ್ಟನೆ ಕೈ ಹಿಂದೆಗೆದ.

“ಎಂತಾಯ್ತು ಅಣ್ಣ?”

“ಎಂತ ಇಲ್ಲ. ಎಂತದ್ದೋ ಚುಚ್ಚಿತು.”

ಬೆರಳ ತುದಿಯಲ್ಲಿ ಒಂದು ಚುಕ್ಕೆ ಇತ್ತು. ಸೂಜಿಯ ಮೊನೆ ತಗಲಿದಷ್ಟು. ರಕ್ತವೂ ಬರಲಿಲ್ಲ. ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು ಗಂಜಿ ಕುಡಿದ. ಉಪ್ಪಿನಕಾಯಿ ಖಾರವಾಯಿತೆಂದು ನನ್ನನ್ನು ಬೈದ. ಮತ್ತೆ ಟ್ರಾಕ್ಟರ್ ಹತ್ತಿ ದಕ್ಕೆಗೆ ಹೋದ.

ಸಂಜೆ ಮನೆಗೆ ಬರುವಾಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಬೆರಳು ಊದಿತ್ತು. ನೋವು ಮೊಣಕೈವರೆಗೆ ಏರುತ್ತದೆ ಎಂದ. ಅಜ್ಜಿ ಚಿಮಿಣಿ ದೀಪ ಹತ್ತಿರ ತಂದು ನೋಡಿದಳು.

“ಇದು ತೊರಕೆ ಚುಚ್ಚಿದ ಹಾಗೇ ಉಂಟು,” ಎಂದಳು.

ತೊರಕೆಯೆಂದರೆ ಚಪ್ಪಟೆ ಮೈಯ ದೊಡ್ಡ ಮೀನು. ಅದರ ಬಾಲದಲ್ಲಿ ಮುಳ್ಳಿರುತ್ತದೆ. ಚುಚ್ಚಿದರೆ ಗಟ್ಟಿ ಗಂಡಸರೂ ಕೂಗುತ್ತಾರೆ. ತೊರಕೆ ಚುಚ್ಚಿದವರನ್ನು ನಮ್ಮ ಬೀದಿಯವರು ಅಜ್ಜಿಯ ಹತ್ತಿರವೇ ಕರೆತರುವುದು. ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿ ಕೂರಿಸುತ್ತಾಳೆ, ಅರಸಿನ ಹಚ್ಚುತ್ತಾಳೆ, ವಿಷ ಮೇಲೆ ಏರಬಾರದೆಂದು ಬಟ್ಟೆಯಿಂದ ಬಿಗಿಯುತ್ತಾಳೆ. ನೋವು ಇಳಿದು ನಡೆದು ಹೋದವರು ಬಹಳ ಮಂದಿ ಇದ್ದಾರೆ.

“ಟ್ರಾಕ್ಟರಿನಲ್ಲಿ ತೊರಕೆ ಎಲ್ಲಿಂದ ಬರ್ತದೆ ಅಜ್ಜಿ?” ಎಂದು ಅಣ್ಣ ಆ ನೋವಿನಲ್ಲೂ ನಕ್ಕ.

“ಮೀನಿನದ್ದೋ ಕಬ್ಬಿಣದ್ದೋ, ಮುಳ್ಳು ಮುಳ್ಳೇ. ಹಲ್ಲು ತೋರಿಸ್ಬೇಡ, ಕೈ ಕೊಡು. ಬಾಗಿ, ನೀರು ಕಾಯಿಸು ನೀನು.”

ನಾನು ನೀರು ಕಾಯಿಸಿದೆ. ಅಣ್ಣ ಕೈ ಮುಳುಗಿಸಿ ಕೂತ. ಸ್ವಲ್ಪ ಹೊತ್ತಿನಲ್ಲಿ ಬೆರಳಿಗೆ ಏನೂ ಗೊತ್ತಾಗುವುದಿಲ್ಲ ಎಂದ. ನೋವು ಇಳಿಯಿತೆಂದು ಅಜ್ಜಿಗೆ ಸಮಾಧಾನವಾಯಿತು. ಹಳೆಯ ಸೀರೆಯ ಅಂಚಿನಿಂದ ಬೆರಳಿನ ಬುಡವನ್ನು ಬಿಗಿಯಾಗಿ ಕಟ್ಟಿದಳು. “ಬೆಳಿಗ್ಗೆಗೆ ಇಳೀತದೆ,” ಎಂದಳು.

ಬೆಳಿಗ್ಗೆ ಇಳಿದಿರಲಿಲ್ಲ. ತೋರುಬೆರಳು ಮೇಣದ ಬತ್ತಿಯಂತೆ ಬೆಳ್ಳಗಾಗಿ ಗಟ್ಟಿಯಾಗಿತ್ತು. ಮುಟ್ಟಿದರೆ ತಣ್ಣಗೆ. ಅಂಗೈ ದಪ್ಪವಾಗಿತ್ತು. ಅಣ್ಣ ಗೋಡೆಗೆ ಒರಗಿ ಹಲ್ಲು ಕಚ್ಚಿಕೊಂಡು ಕೂತಿದ್ದ. ಅಜ್ಜಿ ಮತ್ತೆ ಒಲೆಗೆ ಬೆಂಕಿ ಹಾಕುತ್ತಿದ್ದಳು.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಐರಿನ್ ಬಾಯಿ ಇದ್ದಾರೆ. ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸು. ಯುದ್ಧದ ಕಾಲದಲ್ಲಿ ಪೂನಾದ ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವರು. ದಿನಾ ಬೆಳಿಗ್ಗೆ ನಮ್ಮ ಬೇಲಿಯ ಬದಿಯಿಂದಲೇ ಕಂಕನಾಡಿಗೆ ಹೋಗುತ್ತಾರೆ. ನಾನು ಹೋಗಿ ಬೇಲಿಯ ಹತ್ತಿರ ನಿಂತೆ.

“ಎಂತ ಹುಡುಗಿ, ದಾರಿಗೆ ಅಡ್ಡ ಕಂಬದ ಹಾಗೆ ನಿಂತಿದ್ದಿ?” ಎಂದರು ಅವರು.

“ಬಾಯಿ, ಅಣ್ಣನ ಬೆರಳು ಬೆಳ್ಳಗಾಗಿದೆ.”

ಅವರು ಛತ್ರಿ ಮಡಚಿ ಒಳಗೆ ಬಂದರು. ಮೊದಲು ಸೀರೆಯ ಅಂಚನ್ನು ಬಿಚ್ಚಿದರು. ಬೆರಳನ್ನು ಬೆಳಕಿನ ಕಡೆ ತಿರುಗಿಸಿದರು.

“ಇದನ್ನು ಇಷ್ಟು ಬಿಗಿದದ್ದು ಯಾರು?”

“ನಾನು,” ಎಂದಳು ಅಜ್ಜಿ. “ತೊರಕೆಗೆ ನಾವು ಹಾಗೇ ಮಾಡುದು. ನೀನು ಹುಟ್ಟುವ ಮೊದಲಿಂದ ಮಾಡ್ತಾ ಇದ್ದೇನೆ.”

“ಬೂಬ, ನಿಂಗೆ ಎಂತ ಚುಚ್ಚಿದ್ದು? ತಂತಿಯಾ, ಆಣಿಯಾ?”

“ಗೊತ್ತಿಲ್ಲ ಬಾಯಿ. ಪೈಪಿನ ಹತ್ತಿರ ಎಂತದ್ದೋ.”

“ಅಲ್ಲಿ ತಂತಿಯೂ ಇರ್ಲಿಲ್ಲ, ಆಣಿಯೂ ಇರ್ಲಿಲ್ಲ,” ಎಂದೆ ನಾನು. ಎಲ್ಲರೂ ನನ್ನ ಕಡೆ ತಿರುಗಿದರು. “ಎಂಜಿನ್ ಓಡ್ತಾ ಇತ್ತು. ಸೋರುದು ಎಲ್ಲಿ ಅಂತ ನೋಡ್ಲಿಕ್ಕೆ ಬೆರಳು ಎಳೆದ. ಅಲ್ಲಿ ಮಂಜಿನ ಹಾಗೆ ಇತ್ತು, ಅಷ್ಟೆ.”

ಐರಿನ್ ಬಾಯಿ ನೆಲಕ್ಕೆ ಕೂತರು. ಅಣ್ಣನ ಬೆರಳ ಬುಡದಿಂದ ತುದಿಯ ಕಡೆ ಒಮ್ಮೆ ಮೆಲ್ಲಗೆ ಒತ್ತಿದರು. ಚುಕ್ಕೆಯಿಂದ ಒಂದು ಹನಿ ಹೊರಗೆ ಬಂತು. ರಕ್ತವಲ್ಲ, ಕೀವೂ ಅಲ್ಲ.

“ಮೂಸಿ ನೋಡಿ ಅಜ್ಜಿ.”

ಅಜ್ಜಿ ಬಗ್ಗಿದಳು. ಬುಟ್ಟಿಯ ಹತ್ತಿರ ನಿಂತರೆ ಸಾಕು, ಮೀನು ಇವತ್ತಿನದ್ದೋ ನಿನ್ನೆಯದ್ದೋ ಎಂದು ಹೇಳುವ ಮೂಗು ಅವಳದ್ದು. ಮೂಸಿ ತಲೆ ಎತ್ತಿದಳು. ಮತ್ತೊಮ್ಮೆ ಮೂಸಿದಳು.

“ಇದು ಅವನ ಅಂಗಿಯ ವಾಸನೆ,” ಎಂದಳು. “ಎಣ್ಣೆ.”

“ಹೌದು. ಅಂಗಿಯಲ್ಲಿ ಇರ್ಬೇಕಾದ್ದು ಬೆರಳಿನ ಒಳಗೆ ಉಂಟು. ಪಂಪಿನ ಒತ್ತಡಕ್ಕೆ ಎಣ್ಣೆ ಸೂಜಿಯ ಹಾಗೆ ಹಾರ್ತದೆ. ಚರ್ಮದ ಒಳಗೆ ಹೊಕ್ಕು ಅಂಗೈವರೆಗೆ ಹೋಗ್ತದೆ. ಹೊರಗಿಂದ ನೋಡಿದ್ರೆ ಒಂದು ಚುಕ್ಕೆ. ಒಳಗೆ ಮಾಂಸ ಸಾಯ್ತಾ ಇರ್ತದೆ. ಪೂನಾದಲ್ಲಿ ಒಬ್ಬ ಲಾರಿ ರಿಪೇರಿಯವನಿಗೆ ಹೀಗೆ ಆಗಿತ್ತು. ಅವನೂ ಚುಕ್ಕೆ ಅಂತ ಸುಮ್ಮನಿದ್ದ. ಆಮೇಲೆ ಮೊಣಕೈಯಿಂದ ತೆಗೆಯಬೇಕಾಯ್ತು. ಏಳು ಬೂಬ, ಈಗಲೇ ಹೋಗುವಾ.”

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ಆಸ್ಪತ್ರೆಗೆ ಹೋದ್ರೆ ಕಡೀತಾರೆ. ನನ್ನ ಮಗನನ್ನು ಕಡಲು ತಕೊಂಡು ಹೋಯ್ತು. ಇವನನ್ನು ನಿಮ್ಮ ಕತ್ತಿಗೆ ಕೊಡ್ಲಿಕ್ಕೆ ಸಾಕಿದ್ದಲ್ಲ. ಇನ್ನೊಮ್ಮೆ ಬಿಸಿ ಕೊಟ್ಟು ನೋಡ್ತೇನೆ.”

“ತೊರಕೆಗೆ ನಿಮ್ಮ ಬಿಸಿನೀರು ಸರಿ ಅಜ್ಜಿ. ನಾನೂ ಆಸ್ಪತ್ರೆಯಲ್ಲಿ ಅದನ್ನೇ ಕೊಡುದು. ಆದ್ರೆ ಇದು ತೊರಕೆಯ ಮುಳ್ಳಲ್ಲ. ಇದಕ್ಕೆ ಬಿಸಿ ಕೊಟ್ರೆ ಊತ ಇನ್ನೂ ಏರ್ತದೆ.”

“ಕಡಿಯುದಿಲ್ಲ ಅಂತ ಹೇಳ್ತಿಯಾ ನೀನು?”

ಐರಿನ್ ಬಾಯಿ ಅಜ್ಜಿಯ ಹತ್ತಿರ ಬಂದರು. “ಹೇಳುದಿಲ್ಲ. ಸುಳ್ಳು ಹೇಳಿ ಕರ್ಕೊಂಡು ಹೋಗ್ಲಿಕ್ಕೆ ನಂಗೆ ಮನಸ್ಸಿಲ್ಲ. ಬೆರಳು ಹೋಗ್ಬಹುದು. ಈಗ ಬರದಿದ್ರೆ ನಾಳೆ ಕೈಯೇ ಹೋಗ್ತದೆ. ವಿಷ ಮೈಗೆ ಏರಿದ್ರೆ ಜೀವವೇ ಹೋಗ್ತದೆ. ನೀವು ಎಲ್ಲಿಯವರೆಗೆ ಕಾಯ್ತೀರಿ ಹೇಳಿ.”

ಅಜ್ಜಿ ಅಣ್ಣನನ್ನು ನೋಡಿದಳು.

“ಅಜ್ಜಿ, ಬೆರಳು ನನ್ನದು ಅಂತಲೇ ಗೊತ್ತಾಗುದಿಲ್ಲ ನಂಗೆ,” ಎಂದ ಅವನು.

ಅಜ್ಜಿ ಬಾಗಿಲಿನಿಂದ ಸರಿದಳು. ನಾನು ಓಡಿ ಹೋಗಿ ಜಟಕಾ ಕರೆದು ತಂದೆ. ಅವಳು ಬರಿಗಾಲಲ್ಲಿ ಬಂದು ನಮ್ಮ ಜೊತೆ ಹತ್ತಿದಳು. ಅಣ್ಣ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ಗಾಡಿ ಕುಲುಕಿದಾಗಲೆಲ್ಲ ಅಜ್ಜಿ ಅವನ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತಿದ್ದಳು.

ಡಾಕ್ಟರರು ಅಂಗೈಯನ್ನು ಉದ್ದಕ್ಕೆ ಬಿಡಿಸಿ ಎಣ್ಣೆಯನ್ನೂ ಸತ್ತ ಮಾಂಸವನ್ನೂ ತೆಗೆದು ತೊಳೆದರು. ತೋರುಬೆರಳು ಉಳಿಯಲಿಲ್ಲ. ನಡುಬೆರಳನ್ನೂ ಅರ್ಧಕ್ಕೆ ತೆಗೆಯಬೇಕಾಯಿತು. ಅಂಗೈ ಉಳಿಯಿತು, ಜೀವ ಉಳಿಯಿತು. ಆದರೆ ಹೆಬ್ಬೆರಳು ಈಗ ಸರಿಯಾಗಿ ಮಡಚುವುದಿಲ್ಲ. ಆ ಕೈಯಲ್ಲಿ ಅನ್ನ ಕಲಸಲು ಆಗುವುದಿಲ್ಲ, ಟ್ರಾಕ್ಟರಿನ ಗೇರು ಹಿಡಿಯಲು ಆಗುವುದಿಲ್ಲ, ಬಲೆ ಎಳೆಯಲೂ ಆಗುವುದಿಲ್ಲ.

ಡಾಕ್ಟರರು ಹೇಳಿದ್ದನ್ನು ಐರಿನ್ ಬಾಯಿ ನಮಗೆ ವರಾಂಡದಲ್ಲಿ ಬಿಡಿಸಿ ಹೇಳಿದರು. ಚುಚ್ಚಿದ ಕೂಡಲೇ ಬಂದಿದ್ದರೆ ಬೆರಳು ಉಳಿಸಲು ಪ್ರಯತ್ನ ಮಾಡಬಹುದಿತ್ತಂತೆ. ಇನ್ನೊಂದು ದಿನ ಮನೆಯಲ್ಲಿ ಕೂತಿದ್ದರೆ ಇಷ್ಟೂ ಸಿಗುತ್ತಿರಲಿಲ್ಲವಂತೆ. ಬಿಗಿದು ಕಟ್ಟಿದ್ದರಿಂದ ರಕ್ತ ಓಡಲಿಲ್ಲ ಎಂಬುದನ್ನೂ ಹೇಳಿದರು. ಅಜ್ಜಿ ಕೇಳಿದ್ದರಿಂದ ಹೇಳಿದರು.

“ಹಾಗಾದ್ರೆ ಬೆರಳು ತೆಗೆದದ್ದು ನಾನು,” ಎಂದಳು ಅಜ್ಜಿ.

“ನಿಮಗೆ ಗೊತ್ತಿರ್ಲಿಲ್ಲ ಅಜ್ಜಿ. ನಮ್ಮಲ್ಲೂ ಎಷ್ಟೋ ಮಂದಿಗೆ ಗೊತ್ತಿಲ್ಲ. ಇನ್ನು ಗೊತ್ತಾಗ್ಬೇಕು.”

ಅಜ್ಜಿ ತನ್ನ ಎರಡು ಅಂಗೈಗಳನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಾ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ಅಣ್ಣ ಮನೆಗೆ ಬಂದ ಮೇಲೆ ಒಂದು ದಿನ ನೂರಾಕ ಬಂದರು. ಮದರಾಸಿನಿಂದ ಪೈಪು ಬಂದು, ಅವರೇ ಹಾಕಿ ಕೊಟ್ಟಿದ್ದರು. ಹಳೆಯ ಪೈಪನ್ನು ಒಂದು ಕಾಗದದಲ್ಲಿ ಸುತ್ತಿ ತಂದಿದ್ದರು. ಜಗಲಿಯಲ್ಲಿ ಕೂತು ಬಿಚ್ಚಿದರು. ಅಣ್ಣನ ಕೈಯನ್ನು ನೋಡಿ ಅವರು ತಮಾಷೆ ಮಾಡಲಿಲ್ಲ. ಬೆರಳಿನ ಲೆಕ್ಕ ಕೇಳಿದ್ದು ಅವರಿಗೂ ನೆನಪಿತ್ತು ಎಂದು ಕಾಣುತ್ತದೆ.

“ಬಿರುಕು ಎಲ್ಲುಂಟು?” ಎಂದು ಅಜ್ಜಿ ಪೈಪನ್ನು ಕಣ್ಣಿನ ಹತ್ತಿರ ಹಿಡಿದಳು.

ನೂರಾಕ ಉಗುರಿನಿಂದ ತೋರಿಸಿದರು. ಕೂದಲೆಳೆಯಷ್ಟು ಸಪೂರದ ಒಂದು ಗೆರೆ.

“ಇಷ್ಟೇಯಾ?”

“ಇಷ್ಟೇ ಅಜ್ಜಿ.”

“ಇದಕ್ಕೆ ಬೇಕಾಗಿ ಇವನನ್ನು ಕಡಲಿಂದ ಬಿಡಿಸಿದ್ದು ನಾನು,” ಎಂದಳು ಅಜ್ಜಿ. ಪೈಪನ್ನು ನೆಲದ ಮೇಲೆ ಇಟ್ಟಳು.

ನಾನು ಪೈಪನ್ನು ಎತ್ತಿಕೊಂಡು ಕೇಳಿದೆ. “ಹಾಗಾದ್ರೆ ಸೋರುದನ್ನು ನೋಡುದು ಹೇಗೆ ನೂರಾಕ? ಕಣ್ಣಿಗೂ ಕಾಣುದಿಲ್ಲ, ಕೈಯೂ ಇಡ್ಬಾರ್ದು.”

ನೂರಾಕ ಪೈಪು ಸುತ್ತಿ ತಂದ ಕಾಗದವನ್ನು ಮಡಚಿದರು. “ಒಂದು ದಪ್ಪ ರಟ್ಟು ತಕೊಳ್ಬೇಕು. ಅದನ್ನು ಉದ್ದದ ಕೋಲಿಗೆ ಕಟ್ಬೇಕು. ದೂರ ನಿಂತು, ಮುಖ ಬದಿಗೆ ಮಾಡಿ, ರಟ್ಟನ್ನು ಪೈಪಿನ ಉದ್ದಕ್ಕೆ ತಕೊಂಡು ಹೋಗ್ಬೇಕು. ಎಣ್ಣೆ ಹಾರುವ ಕಡೆ ರಟ್ಟು ಒದ್ದೆ ಆಗ್ತದೆ. ಗೊತ್ತಾಯ್ತಲ್ಲ, ಅಲ್ಲಿಗೆ ಎಂಜಿನ್ ಬಂದ್. ರಟ್ಟಿಗೆ ತೂತು ಬಿದ್ರೆ ಯಾರೂ ಅಳುದಿಲ್ಲ ಮಗಾ.”

“ಆಮೇಲೆ ನಟ್ಟು ಬಿಗಿದ್ರೆ ಆಯ್ತಾ?” ಎಂದ ಅಣ್ಣ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಯಂತ್ರದ ಬಗ್ಗೆ ಬಾಯಿ ತೆರೆದದ್ದು ಅದೇ ಮೊದಲು.

“ಎಂಜಿನ್ ಓಡುವಾಗ ನಟ್ಟಿಗೆ ಕೈ ಹಾಕ್ಲಿಕ್ಕೇ ಇಲ್ಲ. ನಿಲ್ಲಿಸ್ಬೇಕು. ತಣಿಯುವವರೆಗೆ ಕಾಯ್ಬೇಕು. ಆಮೇಲೆ ಮೆಲ್ಲಗೆ ಬಿಚ್ಚುದು. ನಟ್ಟು ಸಡಿಲ ಆದದ್ದಾದ್ರೆ ಬಿಗಿದ್ರೆ ನಿಲ್ತದೆ. ಪೈಪು ಬಿರಿದದ್ದಾದ್ರೆ ರಾಳವೂ ಬೇಡ, ಸಾಬೂನೂ ಬೇಡ, ಬಟ್ಟೆಯೂ ಬೇಡ. ಬೇರೆ ಪೈಪೇ ಹಾಕ್ಬೇಕು. ಕೆಳಗೆ ಚೆಲ್ಲಿದ ಎಣ್ಣೆಗೆ ನದಿಯ ಹೊಯಿಗೆ ಹಾಕಿ ಮುಚ್ಬೇಕು, ಅಲ್ಲಿ ಬೀಡಿ ಹಚ್ಬಾರ್ದು.”

“ಇದನ್ನು ನೀವು ಅವತ್ತೇ ಹೇಳ್ಬಹುದಿತ್ತು,” ಎಂದ ಅಣ್ಣ.

“ಅವತ್ತು ಕೈ ಇಡ್ಬೇಡ ಅಂತ ಹೇಳಿದೆ. ಯಾಕೆ ಅಂತ ಹೇಳ್ಲಿಲ್ಲ,” ಎಂದರು ನೂರಾಕ. “ನಾನು ತಮಾಷೆ ಮಾಡಿದೆ. ನೀನೂ ತಮಾಷೆ ಅಂತ ತಿಳ್ಕೊಂಡಿ.”

ಅಜ್ಜಿಯ ಹತ್ತಿರ ಜನ ಈಗಲೂ ಬರುತ್ತಾರೆ. ಒಲೆಯ ಮೇಲೆ ನೀರು ಇಡುವ ಮೊದಲು ಅವಳು ಕೇಳುವುದು ಒಂದೇ ಪ್ರಶ್ನೆ: “ಮೀನಾ, ಯಂತ್ರವಾ?” ಮೀನು ಎಂದರೆ ಕೂರಿಸುತ್ತಾಳೆ. ಯಂತ್ರ ಎಂದರೆ ಮುಟ್ಟುವುದೇ ಇಲ್ಲ. “ನನ್ನ ಹತ್ತಿರ ಇದಕ್ಕೆ ಮದ್ದಿಲ್ಲ. ಈಗಲೇ ಹೋಗು,” ಎಂದು ಆಸ್ಪತ್ರೆಯ ದಾರಿ ತೋರಿಸುತ್ತಾಳೆ. ಅವರು ಗೊಣಗಿದರೆ ಒಳಗಿರುವ ಅಣ್ಣನನ್ನು ಕರೆಯುತ್ತಾಳೆ. ಅವನು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಆ ಕೈ ನೋಡಿ ಅವರು ಹೋಗುತ್ತಾರೆ.

ಅಮ್ಮಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಗಂಡಸರು ಎಂಜಿನ್ನಿನ ಕೆಲಸ ಮುಗಿಸಿ ಬಂದು “ಎಂತದ್ದೋ ಚುಚ್ಚಿತು” ಎಂದು ಹೇಳಿದರೆ, ಆ ಮಾತನ್ನು ಹಾಗೇ ಬಿಡಬೇಡಿ. ಎಲ್ಲಿ ಚುಚ್ಚಿತು, ಎಂಜಿನ್ ಓಡುತ್ತಿತ್ತೇ, ಅಲ್ಲಿ ಎಣ್ಣೆಯ ಪೈಪು ಇತ್ತೇ ಎಂದು ಕೇಳಿ. ಇತ್ತು ಎಂದರೆ, ಗಾಯ ಸಾಸಿವೆಯಷ್ಟೇ ಇದ್ದರೂ, ನೋವು ಇಲ್ಲದಿದ್ದರೂ, ಒಲೆ ಹಚ್ಚಬೇಡಿ, ಬಿಗಿದು ಕಟ್ಟಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ “ಮುಳ್ಳು ಚುಚ್ಚಿತು” ಎನ್ನಬೇಡಿ. “ಪೈಪಿನ ಡೀಸೆಲ್ ಎಣ್ಣೆ ಒಳಗೆ ಹೊಕ್ಕಿದೆ” ಎಂದೇ ಹೇಳಿ. ಯಂತ್ರ ನಡೆಸುವ ಅಣ್ಣಂದಿರೇ, ಸೋರುವುದನ್ನು ಹುಡುಕಲು ರಟ್ಟು ಇದೆ, ಕೋಲು ಇದೆ. ಬೆರಳು ಅದಕ್ಕಲ್ಲ. ಯಂತ್ರ ಇಟ್ಟುಕೊಂಡ ಧಣಿಗಳೇ, ಬಿರಿದ ಪೈಪಿನ ಯಂತ್ರವನ್ನು ಓಡಿಸಿ ಎಂದು ಯಾರಿಗೂ ಹೇಳಬೇಡಿ. ಓಡಿಸುವವನು ತಾನಾಗಿ ಕೇಳಲಿ ಎಂದು ಕಾಯಲೂ ಬೇಡಿ. ನಿಲ್ಲಿಸು ಎಂದು ನೀವೇ ಹೇಳಿ.

ಮೊನ್ನೆ ಅಣ್ಣನೂ ನಾನೂ ಕಾರ್ಖಾನೆಗೆ ಹೋಗಿದ್ದೆವು. ಅವನಿಗೆ ಕಾವಲಿನ ಕೆಲಸವೇನಾದರೂ ಉಂಟೋ ಎಂದು ಕೇಳುವುದಿತ್ತು. ಈಗ ಟ್ರಾಕ್ಟರ್ ಬಿಡುವವನು ಗುಣಪಾಲ ಎಂಬವನು. ಅಂಗಳದ ನಡುವೆ ಎಂಜಿನ್ ಓಡುತ್ತಿತ್ತು. ಗುಣಪಾಲ ಅದರ ಪಕ್ಕದಲ್ಲಿ ಬಗ್ಗಿದ್ದ. ಮಣ್ಣು ಇಳಿಸುವವರು ಸುತ್ತ ನಿಂತು, ಅಲ್ಲಿ ನೋಡು, ಇಲ್ಲಿ ನೋಡು ಎನ್ನುತ್ತಿದ್ದರು. ಒಬ್ಬನು ಪಂಪಿನ ಕಡೆ ಕೈ ಚಾಚಿದ್ದ.

ಅಣ್ಣ ಹೊರಗೆ ಹೋಗುವಾಗ ಬಲಗೈಯನ್ನು ಯಾವಾಗಲೂ ಹೆಗಲಿನಿಂದ ಇಳಿಬಿಟ್ಟ ಬೈರಾಸಿನ ಒಳಗೆ ಇಟ್ಟುಕೊಳ್ಳುತ್ತಾನೆ. ಈಗ ಅದನ್ನು ಹೊರಗೆ ತೆಗೆದ. ಅವರ ಹತ್ತಿರ ಹೋದ.

“ಎಂಜಿನ್ ನಿಲ್ಲಿಸು ಗುಣಪಾಲ,” ಎಂದ.

ಯಾರೂ ತಲೆ ಎತ್ತಲಿಲ್ಲ. ಸದ್ದಿಗೆ ಕೇಳಿಸಲಿಲ್ಲವೋ ಏನೋ. ಅಣ್ಣ ಇನ್ನೂ ಹತ್ತಿರ ಹೋಗಿ ಆ ಕೈಯನ್ನು ಅವರ ನಡುವೆ ಚಾಚಿ ಹಿಡಿದ.

“ಮೊದಲು ಎಂಜಿನ್ ನಿಲ್ಲಿಸಿ ಮಾರಾಯ್ರೆ. ಆಮೇಲೆ ನೋಡುವಾ.”